ಯಾವ ಜಾಗ, ಯಾವ ಹೊತ್ತು, ಯಾವ ಕೆಲಸಕ್ಕೆ

"ಡಾಲ್ಫಿನ್ ಎಲ್ಲಿ ಕಾಣುತ್ತವೆ?" ಎಂದು ಯಾರಾದರೂ ಕೇಳಿದರೆ ನಾನು ತಿರುಗಿ ಎರಡು ಪ್ರಶ್ನೆ ಹಾಕುತ್ತೇನೆ. ಯಾವ ಹೊತ್ತಿನಲ್ಲಿ? ಏನು ಮಾಡುತ್ತಿರುವಾಗ? ಉತ್ತರ ಕೊಡದೆ ಜಾರಿಕೊಳ್ಳುತ್ತಿದ್ದಾನೆ ಎಂದು ಕೇಳಿದವರಿಗೆ ಅನ್ನಿಸಬಹುದು. ಆದರೆ ವರ್ಷಗಟ್ಟಲೆ ದಡದ ಬಂಡೆಯ ಮೇಲೆ ದುರ್ಬೀನು ಹಿಡಿದು ಕೂತು ನೋಟ್‌ಬುಕ್ ತುಂಬಿಸಿದ ಮೇಲೆ ನನಗೆ ಗಟ್ಟಿಯಾಗಿರುವ ಮಾತು ಇದು: ದಡದಲ್ಲಿ ಬದುಕುವ ಡಾಲ್ಫಿನ್‌ಗೆ ಇದೇ ಮನೆ ಅಂತ ಒಂದು ಜಾಗ ಇರುವುದಿಲ್ಲ. ಹೊಟ್ಟೆಗೆ ಒಂದು ಕಡೆ, ವಿಶ್ರಾಂತಿಗೆ ಒಂದು ಕಡೆ, ಮರಿ ಸಾಕಲು ಮತ್ತೊಂದು ಕಡೆ. ಅದೂ ಉಬ್ಬರ ಇಳಿತಕ್ಕೆ, ಹಗಲು ರಾತ್ರಿಗೆ, ಋತುವಿಗೆ ತಕ್ಕಂತೆ ಬದಲಾಗುತ್ತಿರುತ್ತದೆ. ನಕಾಶೆಯ ಮೇಲೆ ಒಂದು ಚುಕ್ಕೆ ಇಟ್ಟು "ಇದು ಡಾಲ್ಫಿನ್ ತಾಣ" ಎಂದು ಬರೆದುಬಿಟ್ಟರೆ ಇದರಲ್ಲಿ ಮುಕ್ಕಾಲು ಪಾಲು ಬಿಟ್ಟುಹೋಗುತ್ತದೆ.

ನಾನು ಕೂರುವ ಬಂಡೆ ಒಂದು ಅಳಿವೆಯ ಬದಿಯಲ್ಲಿದೆ. ಇಳಿತ ಶುರುವಾಗಿ ಸ್ವಲ್ಪ ಹೊತ್ತಿಗೆ ನದಿಯ ಕಂದು ನೀರು ಕಡಲಿನ ಹಸಿರು ನೀರಿಗೆ ತಾಗುವಲ್ಲಿ ಒಂದು ಗೆರೆ ಮೂಡುತ್ತದೆ. ನೊರೆ, ಎಲೆ, ಕಡ್ಡಿ ಎಲ್ಲ ಆ ಗೆರೆಯುದ್ದಕ್ಕೂ ಬಂದು ಸೇರುತ್ತವೆ. ಹಂಪ್‌ಬ್ಯಾಕ್ ಡಾಲ್ಫಿನ್‌ಗಳು ಬರುವುದು ಆ ಗೆರೆಗೆ. ಮೊದಲು ಉದ್ದ ಮೂತಿ ಓರೆಯಾಗಿ ನೀರಿನಿಂದ ಮೇಲೇಳುತ್ತದೆ, ಆಮೇಲೆ ಬೆನ್ನಿನ ಗೂನು, ಆ ಗೂನಿನ ನೆತ್ತಿಯ ಮೇಲೆ ಪುಟ್ಟದೊಂದು ರೆಕ್ಕೆ. ಗಾಳಿ ನನ್ನ ಕಡೆ ಬೀಸುತ್ತಿದ್ದರೆ ಉಸಿರು ಬಿಡುವ ಸದ್ದು ಬಂಡೆಯವರೆಗೂ ಕೇಳುತ್ತದೆ. ಸುಮ್ಮನೆ ದಾಟಿಹೋಗುವಾಗ ಬೆನ್ನು ಅಷ್ಟಾಗಿ ಬಾಗುವುದಿಲ್ಲ. ಬೆನ್ನು ಪೂರಾ ಬಾಗಿ, ಬಾಲ ನೀರಿನಿಂದ ಮೇಲೆ ಬಂತೆಂದರೆ ಅದು ತಳಕ್ಕೆ ಇಳಿಯಿತು ಎಂದೇ ಲೆಕ್ಕ. ಗೆರೆಯ ಹತ್ತಿರ ಅವು ಹೀಗೆ ಮತ್ತೆ ಮತ್ತೆ ಇಳಿಯುತ್ತವೆ, ಏಳುವುದೂ ಬಹುಪಾಲು ಇಳಿದ ಜಾಗದ ಆಸುಪಾಸಿನಲ್ಲೇ. ಮೂತಿ ಪ್ರವಾಹಕ್ಕೆ ಎದುರು. ಅಂದರೆ ಮೀನನ್ನು ಬೆನ್ನಟ್ಟಿ ಹೋಗುವ ಬದಲು, ನದಿಯ ನೀರೇ ಮೀನನ್ನು ತಂದುಕೊಡುವ ಕಡೆ ನಿಂತು ಕಾಯುತ್ತಿವೆ.

ನೀರು ತಿರುಗಿತೋ, ಗೆರೆ ಚದುರುತ್ತದೆ. ಡಾಲ್ಫಿನ್‌ಗಳೂ ದಡದುದ್ದಕ್ಕೆ ಸರಿದುಹೋಗುತ್ತವೆ. ಅದೇ ಅಳಿವೆ, ಅದೇ ತಳ, ಆದರೂ ಆ ಹೊತ್ತಿಗೆ ಅದು ಅವುಗಳಿಗೆ ಬೇಕಾದ ಜಾಗವಲ್ಲ.

ಆ ರಾಡಿ ನೀರಿನಲ್ಲಿ ಹೇಗೆ ಬೇಟೆಯಾಡುತ್ತವೆ ಎಂದು ಆಶ್ಚರ್ಯಪಡುವವರಿದ್ದಾರೆ. ಡಾಲ್ಫಿನ್ ಕ್ಲಿಕ್ ಸದ್ದು ಹೊರಡಿಸಿ, ಅದರ ಮಾರ್ದನಿಯಿಂದ ಎದುರಿಗಿರುವುದನ್ನು ಅರಿಯುತ್ತದೆ. ಕಣ್ಣನ್ನೇ ನಂಬಿದ ಮೀನಿಗೆ ಕಂದು ನೀರು ತೊಡಕು, ಡಾಲ್ಫಿನ್‌ಗೆ ಅಷ್ಟಾಗಿ ಅಲ್ಲ. ರಾಡಿ ನೀರು ಅವಕ್ಕೆ ಅನುಕೂಲವೇ ಆಗಿರಬಹುದು ಎಂದು ನನ್ನ ಅನಿಸಿಕೆ.

ಹಿಂದೂ ಮಹಾಸಾಗರದ ಹಂಪ್‌ಬ್ಯಾಕ್ ಡಾಲ್ಫಿನ್ ದಕ್ಷಿಣ ಆಫ್ರಿಕಾದಿಂದ ಭಾರತದವರೆಗೆ ಹರಡಿಕೊಂಡಿದೆ. ನಕಾಶೆಯಲ್ಲಿ ನೋಡಿದರೆ ಸಾವಿರಾರು ಕಿಲೋಮೀಟರ್. ಆದರೆ ಆ ಹರವಿಗೆ ಅಗಲವೇ ಇಲ್ಲ. 25 ಮೀಟರ್‌ಗಿಂತ ಆಳದ ನೀರಿಗೆ ಅವು ಹೋಗುವುದು ಅಪರೂಪ. ದಕ್ಷಿಣ ಆಫ್ರಿಕಾದ ಅಲ್ಗೋವಾ ಕೊಲ್ಲಿಯಲ್ಲಿ ಅವುಗಳ ಹೆಚ್ಚಿನ ಬದುಕು ನಡೆಯುವುದು 15 ಮೀಟರ್‌ಗಿಂತ ಕಡಿಮೆ ಆಳದಲ್ಲಿ, ದಡಕ್ಕೆ ಅಂಟಿಕೊಂಡು. ಅಲ್ಲೂ ಮೇವಿಗೆ ಅವು ಆರಿಸಿಕೊಳ್ಳುವುದು ನೀರೊಳಗಿನ ಬಂಡೆಸಾಲುಗಳನ್ನು. ಇಷ್ಟು ಸಣ್ಣ ಪಟ್ಟಿಯೊಳಗೆ ಬಂದರು, ಹೂಳೆತ್ತುವ ಯಂತ್ರ, ಕಂತುಬಲೆ, ಕೊಳಚೆ ನೀರು ಎಲ್ಲವೂ ಇವೆ. ಆಳ ಸಮುದ್ರದ ಡಾಲ್ಫಿನ್ ಆದರೆ ಪಕ್ಕಕ್ಕೆ ಸರಿದುಕೊಳ್ಳಬಹುದು. ಇದಕ್ಕೆ ಪಕ್ಕ ಎನ್ನುವುದೇ ಇಲ್ಲ. ಒಂದು ಕಡೆ ನೆಲ, ಇನ್ನೊಂದು ಕಡೆ ಅದಕ್ಕೆ ಒಗ್ಗದ ಆಳ. ಅಂತರರಾಷ್ಟ್ರೀಯ ಪ್ರಕೃತಿ ಸಂರಕ್ಷಣಾ ಒಕ್ಕೂಟದ (ಐಯುಸಿಎನ್) ಕೆಂಪು ಪಟ್ಟಿಯಲ್ಲಿ ಈ ಪ್ರಭೇದ ಅಳಿವಿನಂಚಿನದೆಂದು ಸೇರಿರುವುದು ಓದಿದಾಗ ನನಗೆ ಆಶ್ಚರ್ಯವಾಗಲಿಲ್ಲ, ಸಂಕಟವಾಯಿತು.

ಹೊಟ್ಟೆಯ ವಿಷಯ ಇಷ್ಟು. ಆದರೆ ಜಾಗ ಆರಿಸುವಾಗ ಹೊಟ್ಟೆಯಷ್ಟೇ ಭಯವೂ ಮಾತಾಡುತ್ತದೆ. ಇದನ್ನು ಅತ್ಯಂತ ಚೆನ್ನಾಗಿ ತೋರಿಸಿಕೊಟ್ಟದ್ದು ಪಶ್ಚಿಮ ಆಸ್ಟ್ರೇಲಿಯಾದ ಶಾರ್ಕ್ ಬೇ. 4 ಸಾವಿರ ಚದರ ಕಿಲೋಮೀಟರ್‌ಗೂ ಮಿಕ್ಕಿ ಕಡಲಹುಲ್ಲು ಹಬ್ಬಿರುವ ಕೊಲ್ಲಿ ಅದು. ಹುಲ್ಲು ದಟ್ಟವಾಗಿರುವ ತೆಳುನೀರಿನಲ್ಲಿ ಮೀನು ಹೆಚ್ಚು. ಹಾಗಾದರೆ ಅಲ್ಲಿನ ಬಾಟಲ್‌ನೋಸ್ ಡಾಲ್ಫಿನ್‌ಗಳು ಸದಾ ಅಲ್ಲೇ ಇರಬೇಕಲ್ಲ? ಚಳಿಗಾಲದಲ್ಲಿ ಹೆಚ್ಚುಕಡಿಮೆ ಹಾಗೇ ಇರುತ್ತವೆ. ಮೀನು ಎಲ್ಲಿದೆಯೋ ಡಾಲ್ಫಿನ್ ಅಲ್ಲಿ. ನೀರು ಬೆಚ್ಚಗಾಗುತ್ತಿದ್ದಂತೆ ಟೈಗರ್ ಶಾರ್ಕ್‌ಗಳು ಕೊಲ್ಲಿಗೆ ಬರುತ್ತವೆ. ಅವುಗಳೂ ಅಡ್ಡಾಡುವುದು ಅದೇ ತೆಳುನೀರಿನ ಹುಲ್ಲಿನ ಮೇಲೆ. ಆಗ ಡಾಲ್ಫಿನ್‌ಗಳ ಲೆಕ್ಕಾಚಾರವೇ ಬದಲಾಗುತ್ತದೆ. ಮೀನು ತುಂಬಿದ ಹುಲ್ಲುಗಾವಲನ್ನು ಬಿಟ್ಟು, ಮೀನು ಕಡಿಮೆ ಇರುವ ಆಳದ ಕಡೆ ಹೋಗುತ್ತವೆ. ಮೈಕೆಲ್ ಹೈತೌಸ್ ಮತ್ತು ಲಾರೆನ್ಸ್ ಡಿಲ್ 2002ರಲ್ಲಿ ಪ್ರಕಟಿಸಿದ ಅಧ್ಯಯನ ಇದು.

ಅದರಲ್ಲಿ ನನಗೆ ತುಂಬಾ ಹಿಡಿಸಿದ್ದು ದಿಬ್ಬಗಳ ಅಂಚಿನ ಮಾತು. ತೆಳುನೀರಿನ ಹುಲ್ಲು ಮುಗಿದು ಆಳ ಶುರುವಾಗುವ ಅಂಚಿನಲ್ಲಿ ಡಾಲ್ಫಿನ್‌ಗಳು ಶಾರ್ಕ್ ಕಾಲದಲ್ಲೂ ಮೇಯುತ್ತವೆ. ಅಂಚಿನಲ್ಲಿದ್ದರೆ ಒಂದು ಬದಿ ಮೀನು, ಇನ್ನೊಂದು ಬದಿ ತಪ್ಪಿಸಿಕೊಳ್ಳುವ ದಾರಿ. ಆದರೆ ಅದೇ ಡಾಲ್ಫಿನ್ ವಿಶ್ರಾಂತಿಗೆ ಆಳದ ನೀರನ್ನು ಹುಡುಕುತ್ತದೆ. ಮೇಯುವಾಗ ಮೈಯೆಲ್ಲ ಎಚ್ಚರ. ವಿಶ್ರಾಂತಿಯಲ್ಲಿ ಆ ಎಚ್ಚರ ಕುಗ್ಗಿರುತ್ತದೆ. ಒಂದೇ ಪ್ರಾಣಿ, ಒಂದೇ ದಿನ, ಕೆಲಸ ಬದಲಾದಾಗ ಎಷ್ಟು ಅಪಾಯ ಹೊರಬಹುದೆನ್ನುವ ಲೆಕ್ಕವೂ ಬದಲಾಗುತ್ತದೆ. ಈ ಭಯ ಸುಮ್ಮನೆ ಬಂದದ್ದಲ್ಲ. ಆ ಕೊಲ್ಲಿಯ ದೊಡ್ಡ ಡಾಲ್ಫಿನ್‌ಗಳಲ್ಲಿ ಸುಮಾರು ಮುಕ್ಕಾಲು ಪಾಲಿನ ಮೈಮೇಲೆ ಶಾರ್ಕ್ ಕಚ್ಚಿದ ಗುರುತಿದೆ. ಬದುಕಿ ಉಳಿದವುಗಳ ಮೇಲಿನ ಗುರುತು ಅದು, ಉಳಿಯದವನ್ನು ಎಣಿಸುವುದು ಹೇಗೆ?

ಇದರಿಂದ ಒಂದು ಮುಖ್ಯ ಎಚ್ಚರಿಕೆಯೂ ಬರುತ್ತದೆ. ಬೇಸಿಗೆಯಲ್ಲಿ ಮಾತ್ರ ಸರ್ವೆ ಮಾಡಿದವರು "ಹುಲ್ಲುಗಾವಲಿನಲ್ಲಿ ಡಾಲ್ಫಿನ್ ಕಾಣಲಿಲ್ಲ, ಆದ್ದರಿಂದ ಅದು ಅವಕ್ಕೆ ಬೇಕಾದ ಜಾಗವಲ್ಲ" ಎಂದು ಬರೆದರೆ ಎಂಥ ಅನ್ಯಾಯವಾಗುತ್ತದೆ ನೋಡಿ. ಹುಲ್ಲುಗಾವಲು ಬೇಕು, ಆದರೆ ಈಗ ಹೋಗುವ ಹಾಗಿಲ್ಲ. ಕಡಲಿನಲ್ಲಿ ಇವೆರಡೂ ಒಂದೇ ಥರ ಕಾಣುತ್ತವೆ: ಖಾಲಿ ನೀರು.

ಶಾರ್ಕ್ ಬೇ ಬಿಟ್ಟು ಮುಂದೆ ಹೋಗುವ ಮೊದಲು ಸ್ಪಂಜಿನ ಡಾಲ್ಫಿನ್‌ಗಳ ಬಗ್ಗೆ ಹೇಳಲೇಬೇಕು. ಅಲ್ಲಿನ ಕೆಲವು ಡಾಲ್ಫಿನ್‌ಗಳು ತಳದಿಂದ ಸ್ಪಂಜು ಕಿತ್ತು ಮೂತಿಗೆ ಸಿಕ್ಕಿಸಿಕೊಂಡು, ಆಳದ ಕಾಲುವೆಗಳ ಕಲ್ಲು ಚೂರಿನ ತಳವನ್ನು ಕೆದಕುತ್ತವೆ. 1984ರಲ್ಲಿ ಮೊದಲು ಕಂಡುಬಂದ ಅಭ್ಯಾಸ. ಮೂತಿ ತರಚದಿರಲಿ ಎಂದು ಸ್ಪಂಜು, ಸರಿ. ಆದರೆ ತಳ ಕೆದಕುವ ಕಷ್ಟ ಯಾಕೆ, ಕ್ಲಿಕ್ ಸದ್ದಿನಿಂದ ಮೀನನ್ನು ಪತ್ತೆ ಹಚ್ಚಬಹುದಲ್ಲ? ಆ ತಳದಲ್ಲಿ ಹುದುಗಿರುವ ಮೀನುಗಳಲ್ಲಿ ಕೆಲವಕ್ಕೆ ಒಳಗೆ ಗಾಳಿಚೀಲವೇ ಇಲ್ಲ. ಮೀನಿನ ಮಾರ್ದನಿ ಜೋರಾಗಿ ಬರುವುದು ಮುಖ್ಯವಾಗಿ ಆ ಗಾಳಿಚೀಲದಿಂದ. ಅದಿಲ್ಲದ ಮೀನು ಕಲ್ಲುಚೂರಿನ ನಡುವೆ ಮಲಗಿದರೆ ಕ್ಲಿಕ್ ಸದ್ದಿಗೆ ಸಿಕ್ಕುವುದು ಕಷ್ಟ. ಮೂತಿಯಿಂದ ಎಬ್ಬಿಸಿಯೇ ಹಿಡಿಯಬೇಕು.

ಈ ವಿದ್ಯೆ ತಾಯಿಯಿಂದ ಬರುತ್ತದೆ, ಅದರಲ್ಲೂ ಹೆಣ್ಣುಮರಿಗಳಿಗೆ. ಮರಿ ವರ್ಷಗಟ್ಟಲೆ ತಾಯಿಯ ಬೆನ್ನಿಗೇ ಇರುವುದರಿಂದ ತಾಯಿ ಮೇಯುವ ಕಾಲುವೆಯೇ ಮರಿಯ ಕಾಲುವೆ. ಹಾಗಾಗಿ ಒಂದೇ ಕೊಲ್ಲಿಯಲ್ಲಿ, ಒಂದೇ ನೀರಿನಲ್ಲಿ, ಅಕ್ಕಪಕ್ಕದ ಎರಡು ಡಾಲ್ಫಿನ್‌ಗಳ ಕಡಲು ಬೇರೆಬೇರೆ. ಒಂದಕ್ಕೆ ಆ ಆಳದ ಕಾಲುವೆ ಉಗ್ರಾಣ, ಇನ್ನೊಂದಕ್ಕೆ ದಾಟಿಹೋಗುವ ದಾರಿ. 2011ರ ಆರಂಭದಲ್ಲಿ ಅಲ್ಲಿ ಕಡಲು ವಿಪರೀತ ಬಿಸಿಯಾಗಿ, ಕಡಲಹುಲ್ಲಿನ ಮೂರನೇ ಒಂದಕ್ಕಿಂತ ಹೆಚ್ಚು ಭಾಗ ಹಾಳಾಯಿತು. ಆ ನಂತರ ಸ್ಪಂಜು ಬಳಸದ ಡಾಲ್ಫಿನ್‌ಗಳ ಬದುಕುಳಿಯುವ ಪ್ರಮಾಣ ಶೇ 12ರಷ್ಟು ಕುಸಿಯಿತು, ಸ್ಪಂಜು ಬಳಸುವವುಗಳದ್ದು ಶೇ 6ರಷ್ಟು. ಹುಟ್ಟುವ ಮರಿಗಳೂ ಕಡಿಮೆಯಾದವು. ತಾಯಿ ಕಲಿಸಿದ ಜಾಗ ಮತ್ತು ವಿದ್ಯೆ ಕೆಟ್ಟ ಕಾಲದಲ್ಲಿ ಎಷ್ಟು ಕೈಹಿಡಿಯಿತು ಎಂಬುದು ಈ ಎರಡು ಅಂಕಿಗಳ ನಡುವಿನ ಅಂತರದಲ್ಲಿದೆ.

ಒಂದೇ ಜಾಗಕ್ಕೆ ಎಷ್ಟು ಕಾಲ ಅಂಟಿಕೊಂಡಿರಬಲ್ಲವು ಎನ್ನುವುದಕ್ಕೆ ಫ್ಲಾರಿಡಾದ ಸರಸೋಟಾ ಕೊಲ್ಲಿ ನೋಡಬೇಕು. 1970ರಿಂದ ಅಲ್ಲಿನ ಡಾಲ್ಫಿನ್‌ಗಳನ್ನು ಒಂದೊಂದಾಗಿ ಗುರುತಿಸಿ, ಬೆನ್ನುರೆಕ್ಕೆಯ ಹರಿದ ಅಂಚಿನ ಫೋಟೊ ಇಟ್ಟುಕೊಂಡು ಹಿಂಬಾಲಿಸುತ್ತಿದ್ದಾರೆ. ನಿಕ್ಲೋ ಎಂದು ಹೆಸರಿಟ್ಟ ಹೆಣ್ಣು ಡಾಲ್ಫಿನ್ 67 ವರ್ಷ ಬದುಕಿತು. ಬೇಸಿಗೆಯಲ್ಲಿ ಈ ಡಾಲ್ಫಿನ್‌ಗಳು ಕೊಲ್ಲಿಯೊಳಗಿನ ತೆಳುನೀರಿನಲ್ಲಿ ಹೆಚ್ಚು, ಚಳಿಗಾಲದಲ್ಲಿ ಕಡಲಿಗೆ ತೆರೆಯುವ ಬಾಯಿಗಳಲ್ಲಿ ಮತ್ತು ಹೊರಗಿನ ದಡದಲ್ಲಿ ಹೆಚ್ಚು. ಅಲ್ಲೇ ನಡೆದ ಒಂದು ಪ್ರಯೋಗ ನನ್ನ ಮನಸ್ಸಿನಲ್ಲಿ ಉಳಿದುಬಿಟ್ಟಿದೆ. ನೀರೊಳಗೆ ಸ್ಪೀಕರ್ ಇಟ್ಟು ಮೀನುಗಳ ಸದ್ದು ಕೇಳಿಸಿದರು. ಡಾಲ್ಫಿನ್‌ಗಳು ಸದ್ದು ಬಂದ ಕಡೆಗೆ ತಿರುಗಿದವು. ಅಂದರೆ ಅವು ಕ್ಲಿಕ್ ಮಾಡದೆ ಸುಮ್ಮನೆ ಕಿವಿಗೊಟ್ಟೂ ಮೀನು ಹುಡುಕುತ್ತವೆ. ದೋಣಿಯ ಇಂಜಿನ್ ಗದ್ದಲ ತುಂಬಿದ ಕೊಲ್ಲಿಯಲ್ಲಿ ಹುಲ್ಲೂ ಇರಬಹುದು, ಮೀನೂ ಇರಬಹುದು, ಆದರೆ ಕೇಳಿಸಿಕೊಳ್ಳುವ ಅವಕಾಶ ಕಡಿಮೆಯಾಗಿರುತ್ತದೆ. ನಕಾಶೆ ಇದನ್ನು ತೋರಿಸುವುದಿಲ್ಲ.

ಕೆಲವು ಜಾಗಗಳ ಉಪಯೋಗವಂತೂ ಕಣ್ಣಾರೆ ಕಂಡರೂ ನಂಬುವುದು ಕಷ್ಟ. ಅಮೆರಿಕದ ಸೌತ್ ಕೆರೊಲಿನಾದ ಜವುಗು ತೋಡುಗಳಲ್ಲಿ ಇಳಿತದ ಹೊತ್ತಿಗೆ ಡಾಲ್ಫಿನ್‌ಗಳು ಒಟ್ಟಾಗಿ ಮೀನನ್ನು ಕೆಸರಿನ ದಂಡೆಗೆ ತಳ್ಳಿ, ತಾವೂ ದಂಡೆ ಹತ್ತಿ, ಬಲಮಗ್ಗುಲಾಗಿ ಮಲಗಿ ತಿನ್ನುತ್ತವೆ. ದಂಡೆಗೆ ಸರಿಯಾದ ಇಳಿಜಾರಿರಬೇಕು, ಕೆಸರು ನುಣುಪಾಗಿರಬೇಕು, ನೀರು ಇಳಿದಿರಬೇಕು. ಬ್ರೆಜಿಲ್‌ನ ಲಗುನಾದಲ್ಲಿ ಡಾಲ್ಫಿನ್‌ಗಳು ಮಲೆಟ್ ಮೀನಿನ ಹಿಂಡನ್ನು ನೀರಲ್ಲಿ ನಿಂತ ಬೀಸುಬಲೆಯ ಮೀನುಗಾರರ ಕಡೆ ಅಟ್ಟುತ್ತವೆ, ಇಬ್ಬರಿಗೂ ಲಾಭ. ಇದು ಒಂದು ಶತಮಾನಕ್ಕೂ ಹಿಂದಿನಿಂದ ನಡೆದುಬಂದಿದೆ. ಕೆರೊಲಿನಾದ ಆ ಕೆಸರಿನ ದಂಡೆಯನ್ನು ಕಾಂಕ್ರೀಟ್ ಗೋಡೆ ಮಾಡಿದರೆ ಹೋಗುವುದು ನೂರು ಮೀಟರ್ ಕೆಸರು ಮಾತ್ರವಲ್ಲ, ಅಲ್ಲಿ ಮಾತ್ರ ಸಾಧ್ಯವಾಗುವ ಒಂದು ಬದುಕುವ ರೀತಿ.

ಇನ್ನು ವಿಶ್ರಾಂತಿ. ಇದರ ಬಗ್ಗೆ ನನಗೆ ಸ್ವಲ್ಪ ಜೋರಾಗಿಯೇ ಹೇಳಬೇಕೆನಿಸುತ್ತದೆ, ಯಾಕೆಂದರೆ ಎಲ್ಲರೂ ಸುಲಭವಾಗಿ ಬಿಟ್ಟುಕೊಡುವುದು ಇದನ್ನೇ. ಹವಾಯಿಯ ಸ್ಪಿನ್ನರ್ ಡಾಲ್ಫಿನ್‌ಗಳು ರಾತ್ರಿಯಿಡೀ ಕೊಲ್ಲಿಯ ಹೊರಗೆ ಬೇಟೆಯಾಡುತ್ತವೆ. ಕತ್ತಲಾದ ಮೇಲೆ ಆಳದಿಂದ ಮೇಲಕ್ಕೂ ದಡದ ಕಡೆಗೂ ಬರುವ ಸಣ್ಣ ಮೀನು, ಸಿಗಡಿ, ಸ್ಕ್ವಿಡ್‌ಗಳೇ ಅವುಗಳ ಆಹಾರ. ಬೆಳಗಾದ ಮೇಲೆ ದಡದ ಶಾಂತ ಕೊಲ್ಲಿಗಳಿಗೆ ಬಂದು, ಬಿಳಿ ಮರಳಿನ ತಳವಿರುವ ಕಡೆಯೇ ಒತ್ತೊತ್ತಾಗಿ, ನಿಧಾನವಾಗಿ ಹಿಂದೆ ಮುಂದೆ ಈಜುತ್ತಿರುತ್ತವೆ. ಅದು ಅವುಗಳ ನಿದ್ದೆ. ಆಗ ಕ್ಲಿಕ್ ಸದ್ದು ತೀರಾ ಕಡಿಮೆ. ಕಾವಲಿಗೆ ಕಣ್ಣೇ ಗತಿ. ತಿಳಿ ಬಣ್ಣದ ಮರಳಿನ ಮೇಲೆ ಶಾರ್ಕ್ ಬಂದರೆ ಕಪ್ಪಾಗಿ ಎದ್ದು ಕಾಣುತ್ತದೆ ಎನ್ನುವುದೇ ಆ ಮರಳಿನ ಬೆಲೆ. ಕೊಲ್ಲಿಯಿಂದ ಅವುಗಳನ್ನು ಓಡಿಸಿದರೆ ಹೊರಗೆ ಹೋಗಿ ಮಲಗುತ್ತವೆ ಅಂದುಕೊಳ್ಳಬೇಡಿ. ಹೊರಗೆ ಅವು ವಿಶ್ರಾಂತಿ ಪಡೆಯುವುದು ತೀರಾ ವಿರಳ.

ಅಂಥ ಕೊಲ್ಲಿಗೆ ಬೆಳಿಗ್ಗೆ ದೋಣಿ ತುಂಬ ಜನ ಡಾಲ್ಫಿನ್ ಜೊತೆ ಈಜಲು ಬರುತ್ತಾರೆ. ನೋಡುವವರ ಕಣ್ಣಿಗೆ ಅಲ್ಲಿ ಏನೂ ನಡೆಯುತ್ತಿಲ್ಲ, ಡಾಲ್ಫಿನ್‌ಗಳು ಸುಮ್ಮನೆ ಸುತ್ತುತ್ತಿವೆ, ನಾಲ್ಕು ಜನ ಇಳಿದರೆ ಏನಾಗುತ್ತದೆ? ಆಗುವುದು ನಿದ್ದೆಗೇಡು, ದಿನ ಬಿಟ್ಟು ದಿನವಲ್ಲ, ದಿನಾ. 2021ರಲ್ಲಿ ಅಮೆರಿಕ ಸರ್ಕಾರ ಹವಾಯಿ ದಡದಿಂದ 2 ನಾಟಿಕಲ್ ಮೈಲಿಯೊಳಗೆ ಸ್ಪಿನ್ನರ್ ಡಾಲ್ಫಿನ್‌ಗಳ 50 ಗಜದೊಳಗೆ ಹೋಗಬಾರದೆಂದು ನಿಯಮ ತಂದಿತು. ಅದನ್ನು ಓದಿ ನನಗೆ ನಿಜವಾಗಿ ಸಮಾಧಾನವಾಯಿತು. ಮೇಯುವ ಜಾಗಕ್ಕೆ ರಕ್ಷಣೆ ಕೇಳುವುದು ಸುಲಭ, ಮಲಗುವ ಜಾಗಕ್ಕೆ ಕೇಳಿ ಪಡೆಯುವುದು ದೊಡ್ಡ ಮಾತು.

ಮನುಷ್ಯರ ಕೆಲಸವೂ ಡಾಲ್ಫಿನ್‌ಗಳ ಜಾಗವನ್ನು ರೂಪಿಸುತ್ತದೆ ಎನ್ನುವುದಕ್ಕೆ ಆಸ್ಟ್ರೇಲಿಯಾದ ಮೋರ್ಟನ್ ಕೊಲ್ಲಿಯ ಉದಾಹರಣೆ ಕುತೂಹಲದ್ದು. ಅಲ್ಲಿ ಒಂದೇ ನೀರಿನಲ್ಲಿ ಬಾಟಲ್‌ನೋಸ್‌ಗಳ ಎರಡು ಬಳಗಗಳಿದ್ದವು. ಒಂದು ಸಿಗಡಿ ಟ್ರಾಲರ್‌ಗಳ ಹಿಂದೆ ಹೋಗಿ ಎಸೆದ ಮೀನು ತಿನ್ನುತ್ತಿತ್ತು, ಇನ್ನೊಂದು ಟ್ರಾಲರ್ ಗೊಡವೆಗೆ ಹೋಗುತ್ತಿರಲಿಲ್ಲ. ಒಂದು ಬಳಗದ್ದು ಇನ್ನೊಂದರ ಜೊತೆ ಬೆರೆಯುವುದು ತೀರಾ ಕಡಿಮೆ. ಮುಂದೆ ಟ್ರಾಲಿಂಗ್ ಇಳಿದಾಗ ಎರಡೂ ಬಳಗಗಳು ಬೆರೆತುಹೋದವು. ಅವುಗಳನ್ನು ಬೇರೆ ಮಾಡಿದ್ದು ನೀರಿನ ಆಳವೂ ಅಲ್ಲ, ತಳದ ಗುಣವೂ ಅಲ್ಲ, ನಮ್ಮ ಬಲೆ.

ಈಗ ಎಣಿಕೆಯ ವಿಷಯ. ನನ್ನ ಬಂಡೆಯಿಂದ ಕಾಣುವುದು ಅಳಿವೆ ಮತ್ತು ಎರಡೂ ಬದಿಯ ಒಂದಿಷ್ಟು ದಡ. ಕಾಣುವುದು ಹಗಲು ಮಾತ್ರ, ಅದೂ ಅಲೆ ಸಣ್ಣದಿದ್ದಾಗ. ಬಿಳಿ ನೊರೆ ಏಳುವಷ್ಟು ಗಾಳಿಯಿದ್ದರೆ ಬೆನ್ನುರೆಕ್ಕೆ ಅಲೆಯಲ್ಲೇ ಕಳೆದುಹೋಗುತ್ತದೆ. ಹಾಗಾಗಿ ನನ್ನ ನೋಟ್‌ಬುಕ್ಕಿನ ನಕಾಶೆಯಲ್ಲಿ ಡಾಲ್ಫಿನ್ ಎಷ್ಟಿವೆಯೋ ನಾನೂ ಅಷ್ಟೇ ಇದ್ದೇನೆ. ದೋಣಿಯಲ್ಲಿ ಸರ್ವೆ ಮಾಡುವವರಿಗೂ ಇದು ತಪ್ಪಿದ್ದಲ್ಲ. ಅದಕ್ಕೇ ಅವರು ಯಾವ ಚೌಕದಲ್ಲಿ ಎಷ್ಟು ಹೊತ್ತು ನೋಡಿದೆವು ಎಂಬುದನ್ನೂ ಬರೆದಿಟ್ಟು, ಕಂಡ ಸಂಖ್ಯೆಯನ್ನು ಅದರಿಂದ ಭಾಗಿಸುತ್ತಾರೆ.

ಸ್ಕಾಟ್ಲೆಂಡಿನ ಮೋರೆ ಫರ್ತ್ ಎಂಬ ಕೊಲ್ಲಿಯ ತಳದಲ್ಲಿ ಸದ್ದು ಹಿಡಿಯುವ ಯಂತ್ರಗಳನ್ನು ಇಟ್ಟಿದ್ದಾರೆ. ಮೀನಿನ ಹತ್ತಿರ ಬಂದಾಗ ಡಾಲ್ಫಿನ್‌ನ ಕ್ಲಿಕ್‌ಗಳು ಒಂದಕ್ಕೊಂದು ಕೂಡಿಕೊಂಡು ಗುಂಯ್ ಎನ್ನುವಂತಾಗುತ್ತವೆ. ಅದನ್ನು ಎಣಿಸಿದರೆ ಬೇಟೆ ಎಲ್ಲಿ, ಯಾವಾಗ ನಡೆಯಿತೆಂದು ರಾತ್ರಿಯ ಹೊತ್ತಿನದೂ ತಿಳಿಯುತ್ತದೆ. ಅಲ್ಲಿನ ಡಾಲ್ಫಿನ್‌ಗಳು ಬೇಸಿಗೆಯಲ್ಲಿ ಮುಗಿಬೀಳುವುದು ಕಡಲು ಇರುಕಾಗಿ, ತಳ ಥಟ್ಟನೆ ಇಳಿಯುವ ಬಾಯಿಗಳಿಗೆ. ನದಿಗೆ ಮರಳುವ ಸಾಲ್ಮನ್ ಮೀನು ಅಲ್ಲಿಂದಲೇ ಹಾದುಹೋಗಬೇಕು. ದೋಣಿಗಳಿದ್ದಾಗ ಆ ಬೇಟೆಯ ಸದ್ದು ಹೆಚ್ಚುಕಡಿಮೆ ಅರ್ಧಕ್ಕಿಳಿಯುತ್ತದೆ ಎಂದೂ ಅದೇ ಯಂತ್ರಗಳಿಂದ ಗೊತ್ತಾಗಿದೆ. ದೋಣಿಯ ಮೇಲಿನವರಿಗೆ ಡಾಲ್ಫಿನ್ ಕಾಣುತ್ತಲೇ ಇರುತ್ತದೆ, ಊಟ ಮಾತ್ರ ಕಡಿಮೆಯಾಗಿರುತ್ತದೆ.

ಆ ಫರ್ತ್‌ನ ಒಳಭಾಗವನ್ನು ಡಾಲ್ಫಿನ್‌ಗಳಿಗಾಗಿಯೇ ಸಂರಕ್ಷಿತ ಪ್ರದೇಶ ಮಾಡಿದ್ದಾರೆ. ಆದರೆ 1990ರ ದಶಕದಿಂದೀಚೆಗೆ ಅವು ದಕ್ಷಿಣಕ್ಕೆ ಹರಡುತ್ತಾ ಹೋಗಿ, ಈಗ ಆ ಸಮುದಾಯದ ಸುಮಾರು ಅರ್ಧದಷ್ಟು ಡಾಲ್ಫಿನ್‌ಗಳು ಬೇಸಿಗೆಯಲ್ಲಿ ಗಡಿಯಿಂದ ಎಷ್ಟೋ ದೂರದ ಟೇ ನದಿಯ ಅಳಿವೆಯ ಸುತ್ತಲಿನ ನೀರನ್ನೂ ಬಳಸುತ್ತವೆ. ಮೊದಲಿನ ಜಾಗ ಬಿಟ್ಟಿಲ್ಲ, ಹೊಸದನ್ನು ಸೇರಿಸಿಕೊಂಡಿವೆ. ಇಂಥ ಪ್ರಾಣಿಗೆ ಒಂದು ಸಲ ಗಡಿ ಎಳೆದು ಕೈತೊಳೆದುಕೊಂಡರೆ ಆಗದು. ಕೆಲವು ವರ್ಷಕ್ಕೊಮ್ಮೆ ಮತ್ತೆ ಅಳೆದು ನೋಡಲೇಬೇಕೆಂಬುದು ನನ್ನ ಹಟ.

ದಡದಲ್ಲಿ ನಿಂತು ಡಾಲ್ಫಿನ್ ನೋಡುವ ಅಭ್ಯಾಸ ನಿಮಗಿದ್ದರೆ ಒಂದು ಕೋರಿಕೆ. ಎಷ್ಟು ಕಂಡವು ಎಂಬುದರ ಜೊತೆಗೆ ಉಬ್ಬರವೋ ಇಳಿತವೋ, ನೀರಿನ ಬಣ್ಣ ಹೇಗಿತ್ತು, ಮರಿ ಇತ್ತೇ, ಬೆನ್ನು ಬಾಗಿಸಿ ಒಂದೇ ಕಡೆ ಮುಳುಗುತ್ತಿದ್ದವೋ ಅಥವಾ ಸುಮ್ಮನೆ ಸಾಗುತ್ತಿದ್ದವೋ, ಹತ್ತಿರ ಎಷ್ಟು ದೋಣಿಗಳಿದ್ದವು, ಇಷ್ಟನ್ನು ಬರೆದಿಡಿ. ಎಷ್ಟು ಗಂಟೆಯಿಂದ ಎಷ್ಟು ಗಂಟೆಯವರೆಗೆ ನೋಡಿದಿರಿ ಎನ್ನುವುದನ್ನು ಮರೆಯಬೇಡಿ. ಒಂದೂ ಕಾಣದ ದಿನದ ಸಾಲನ್ನೂ ಖಾಲಿ ಬಿಡದೆ ಸೊನ್ನೆ ಹಾಕಿ ತುಂಬಿ.